ಆರಕ್ಷಕರ ಅಧಿಕಾರ ಮತ್ತು ಅದರ ಮೇರೆ

ಕಾಳಿದಾಸನ ಶಾಕುಂತಲ ನಾಟಕದ ಆರನೆಯ ಅಂಕದ ಆದಿಯಲ್ಲಿ ಒಂದು ಚಿಕ್ಕ ಪ್ರವೇಶಕವಿದೆ. ರಾಜನಾಮಾಂಕಿತವಾದ ಉಂಗುರವನ್ನು ಮಾರಲು ಹೊರಟ ಬೆಸ್ತನೊಬ್ಬನನ್ನು ಇಬ್ಬರು ಕಾವಲುಗಾರರು ಹೆಡೆಮುರಿ ಕಟ್ಟಿ, ಹೊಡೆಯುತ್ತ ಕರೆತರುತ್ತಾರೆ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿತೆಂದು ಅವನು ಹೇಳುತ್ತಾನೆ. ಅವನು ಹೇಳಿದ್ದು ಅಕ್ಷರಶಃ ಸತ್ಯ. ಆದರೆ ಕೇಳುವವರಿಗೆ ನಂಬಿಕೆಯಿಲ್ಲ. ಅವನ ವೃತ್ತಿಯನ್ನು ಹಳಿಯುತ್ತಾರೆ. ವಧೆಯ ಆಜ್ಞೆ ಬಂದೇ ಬರುವುದೆಂದು ಕೈ ತುರಿಸಿಕೊಳ್ಳುತ್ತ ನಿಲ್ಲುತ್ತಾರೆ. ನಗರರಕ್ಷಣೆಯ ಅಧಿಕಾರಿಯಾದ ರಾಜನ ಮೈದುನನು ಅರಮನೆಯೊಳಗೆ ಹೋಗಿ ಉಂಗುರವನ್ನು ಅರಸನಿಗೆ ತೋರಿಸಿ ಹಿಂದಿರುಗಿದ ಮೇಲೆ ಮಾತ್ರ ಬೆಸ್ತನ ಕಟ್ಟು ಬಿಚ್ಚುತ್ತದೆ. ಉಂಗುರದ ಬೆಲೆಗೆ ಸಮನಾದ ಬಹುಮಾನವೂ ದೊರೆಯುತ್ತದೆ. ಆ ಬಹುಮಾನದಲ್ಲಿ ಅರ್ಧವನ್ನು ಹೊಡೆದವರಿಗೇ ಕೊಟ್ಟು ಅವನು ಪಾರಾಗುತ್ತಾನೆ.

ಪ್ರೇಕ್ಷಕರು ನಗುವ ಈ ದೃಶ್ಯದಲ್ಲಿ ಒಂದು ಗಂಭೀರವಾದ ಸಂಗತಿ ಅಡಗಿದೆ. ಬೆಸ್ತನನ್ನು ತಡೆದು ಪ್ರಶ್ನಿಸಿದ್ದು ತಪ್ಪಲ್ಲ. ಅರಸನ ಉಂಗುರ ಬಡವನ ಕೈಯಲ್ಲಿ ಕಂಡರೆ ಕಾವಲುಗಾರನು ಕೇಳಲೇಬೇಕು. ಹೊಡೆದದ್ದು ತಪ್ಪು, ತೀರ್ಪು ಬರುವುದಕ್ಕೆ ಮೊದಲೇ ಅವನನ್ನು ಕಳ್ಳನೆಂದು ನಿಶ್ಚಯಿಸಿದ್ದು ತಪ್ಪು. ಬೆಸ್ತನ ಪ್ರಾಣ ಉಳಿದದ್ದು ಒಂದೇ ಕಾರಣದಿಂದ: ವಿಷಯವು ಬೀದಿಯಲ್ಲಿ ಇತ್ಯರ್ಥವಾಗದೆ ಅರಸನ ಬಾಗಿಲನ್ನು ಮುಟ್ಟಿತು.

ಇಂದಿನ ಕಾನೂನಿನ ಸಾರವೂ ಇದೇ ಆಗಿದೆ. ಆರಕ್ಷಕನ ಅಧಿಕಾರವೆಂದರೆ ಆಪಾದಿತನನ್ನು ನ್ಯಾಯಪೀಠದ ಬಾಗಿಲಿನವರೆಗೆ ತರುವ ಅಧಿಕಾರ. ಬಾಗಿಲಿನ ಒಳಗಿನ ಕೆಲಸ, ಅಂದರೆ ದೋಷಿಯೋ ನಿರ್ದೋಷಿಯೋ ಎಂಬ ನಿರ್ಣಯ ಮತ್ತು ಶಿಕ್ಷೆ, ಅವನದಲ್ಲ. ಅವನಿಗೆ ಕಾನೂನು ಕೊಟ್ಟಿರುವ ಬಲಗಳನ್ನೂ ವಿಧಿಸಿರುವ ನಿರ್ಬಂಧಗಳನ್ನೂ ಈ ಒಂದು ಸೂತ್ರದಿಂದ ತಿಳಿಯಬಹುದು. ಈ ತಿಳಿವಳಿಕೆ ವಕೀಲರಿಗೆ ಮಾತ್ರ ಸಾಲದು. ಗ್ರಾಮಾಂತರ ಪ್ರದೇಶದಲ್ಲಿ ರಾತ್ರಿ ಹೊತ್ತು ಮಗನನ್ನು ಠಾಣೆಗೆ ಕರೆದೊಯ್ದರೆಂದು ತಂದೆ ಬಂದು ಬಾಗಿಲು ತಟ್ಟುವುದು ಬಹುಮಟ್ಟಿಗೆ ಊರ ಉಪಾಧ್ಯಾಯರ ಮನೆಯದೇ. ಮಹಜರಿಗೆ ಸಾಕ್ಷಿ ಬೇಕಾದಾಗ ಆರಕ್ಷಕರು ಹುಡುಕುವುದೂ ಊರಿನ ಓದುಬರಹ ಬಲ್ಲ ಗೃಹಸ್ಥರನ್ನೇ.

ಅಧಿಕಾರವೆಂಬ ಪದ

ಅಧಿಕಾರ ಎಂಬ ಪದವನ್ನು ಬಲ, ದರ್ಪ ಎಂಬ ಅರ್ಥದಲ್ಲಿ ಬಳಸುವುದು ಇಂದು ರೂಢಿಯಾಗಿದೆ. ಶಾಸ್ತ್ರಗಳಲ್ಲಿ ಅದರ ಅರ್ಥ ಇನ್ನಷ್ಟು ನಿಖರವಾದದ್ದು. ಪಾಣಿನೀಯ ವ್ಯಾಕರಣದಲ್ಲಿ ಅಧಿಕಾರಸೂತ್ರವೆಂದರೆ ತಾನಿರುವ ಸ್ಥಳದಿಂದ ಒಂದು ನಿಯತವಾದ ಅವಧಿಯವರೆಗೆ ಮಾತ್ರ ನಡೆಯುವ ಸೂತ್ರ. ಪ್ರತ್ಯಯಗಳನ್ನು ಕುರಿತ ಅಧಿಕಾರವು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೊದಲಿನಲ್ಲಿ ಆರಂಭವಾಗಿ ಐದನೆಯ ಅಧ್ಯಾಯದ ಕೊನೆಗೆ ನಿಲ್ಲುತ್ತದೆ, ಆರನೆಯದಕ್ಕೆ ಕಾಲಿಡುವುದಿಲ್ಲ. ಮೀಮಾಂಸೆಯಲ್ಲಿ ಅಧಿಕಾರವೆಂದರೆ ಒಂದು ಕರ್ಮವನ್ನು ಮಾಡಲು ಇರಬೇಕಾದ ಅರ್ಹತೆ. ಅರ್ಹತೆಯೂ ಅವಧಿಯೂ ಇಲ್ಲದ ಅಧಿಕಾರವನ್ನು ನಮ್ಮ ಶಾಸ್ತ್ರಕಾರರು ಕಲ್ಪಿಸಿಕೊಂಡವರಲ್ಲ.

ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಮುದ್ರಣ ಕಂಡ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ವಿಚಾರದ ಅಂಕುರವಿದೆ. ಅದರ ನಾಲ್ಕನೆಯ ಅಧಿಕರಣದ ಪ್ರಕಾರ ಅಪರಾಧ ನಡೆದು ಮೂರು ರಾತ್ರಿ ಕಳೆದ ಬಳಿಕ ಕೇವಲ ಶಂಕೆಯ ಮೇಲೆ ಯಾರನ್ನೂ ಹಿಡಿಯಲಾಗದು. ಆದರೆ ಅದೇ ಅಧ್ಯಾಯವು ಚಿತ್ರಹಿಂಸೆಯ ವಿಧಾನಗಳನ್ನೂ ಹೇಳುತ್ತದೆ. ಹಿಂದಿನದೆಲ್ಲವೂ ಸೌಮ್ಯವಾಗಿತ್ತೆಂದು ಭಾವಿಸುವಂತಿಲ್ಲ. ಆರಕ್ಷಕನ ಕೈಗೆ ಮೇರೆ ಹಾಕುವ ಕಾರ್ಯ ಬಹುಕಾಲದ ಕಹಿ ಅನುಭವದಿಂದ ಹಂತಹಂತವಾಗಿ ನಡೆದದ್ದು.

ಕಾನೂನು ಬೆಳೆದು ಬಂದ ಬಗೆ

ಮದರಾಸು ಆಧಿಪತ್ಯದಲ್ಲಿ ಕಂದಾಯ ವಸೂಲಿಗಾಗಿಯೂ ತಪ್ಪೊಪ್ಪಿಗೆಗಾಗಿಯೂ ಜನರಿಗೆ ಹಿಂಸೆ ಕೊಡಲಾಗುತ್ತಿದೆಯೆಂಬ ದೂರುಗಳ ತನಿಖೆಗಾಗಿ ನೇಮಕವಾದ ಆಯೋಗವು 1855ರಲ್ಲಿ ವರದಿಯನ್ನು ಒಪ್ಪಿಸಿತು. ಅಂದು ಬಳ್ಳಾರಿಯೂ ಕನ್ನಡ ಜಿಲ್ಲೆಯೂ ಆ ಆಧಿಪತ್ಯಕ್ಕೆ ಸೇರಿದ್ದವು. ಹಿಂಸೆ ನಡೆಯುತ್ತಿದ್ದುದು ನಿಜವೆಂದು ಆಯೋಗ ಕಂಡುಕೊಂಡಿತು. 1857ರ ದಂಗೆಯ ಅನಂತರ 1861ರಲ್ಲಿ ಭಾರತದ ಪೊಲೀಸ್ ಅಧಿನಿಯಮವೂ ಮೊದಲ ದಂಡಪ್ರಕ್ರಿಯಾ ಸಂಹಿತೆಯೂ ಬಂದವು. ಆರಕ್ಷಕನ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂಬ ನಿಯಮ ಆ ಸಂಹಿತೆಯಲ್ಲಿ ಸೇರಿ, 1872ರ ಸಾಕ್ಷ್ಯ ಅಧಿನಿಯಮದಲ್ಲಿ ನೆಲೆಗೊಂಡಿತು.

ಸ್ವಾತಂತ್ರ್ಯದ ತರುವಾಯ ಸಂವಿಧಾನವು ಪೊಲೀಸು ವಿಷಯವನ್ನು ರಾಜ್ಯಗಳ ಪಟ್ಟಿಯಲ್ಲಿರಿಸಿತು. ಏಕೀಕೃತ ರಾಜ್ಯಕ್ಕೆ ಒಂದೇ ಕಾಯಿದೆಯಾಗಿ 1963ರ ಪೊಲೀಸ್ ಅಧಿನಿಯಮ ರಚಿತವಾಯಿತು. ಅಂದು ಅದಕ್ಕೆ ಮೈಸೂರಿನ ಹೆಸರಿತ್ತು. ಇಂದು ಅದು ಕರ್ನಾಟಕ ಪೊಲೀಸ್ ಅಧಿನಿಯಮ. ದಂಡಪ್ರಕ್ರಿಯೆಯ ವಿಷಯದಲ್ಲಿ 1973ರ ಸಂಹಿತೆ 1974ರ ಏಪ್ರಿಲ್ 1ರಿಂದ ಐವತ್ತು ವರ್ಷ ನಡೆಯಿತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ದಂಡಸಂಹಿತೆಗೆ ಬದಲಾಗಿ ಭಾರತೀಯ ನ್ಯಾಯ ಸಂಹಿತೆಯೂ ಸಾಕ್ಷ್ಯ ಅಧಿನಿಯಮಕ್ಕೆ ಬದಲಾಗಿ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದೇ ದಿನದಿಂದ ನಡೆಯುತ್ತಿವೆ. ಕಲಮುಗಳ ಸಂಖ್ಯೆಗಳು ಬದಲಾದವು. ಅಧಿಕಾರದ ಮೂಲ ಮೇರೆಗಳು ಸಂವಿಧಾನದಲ್ಲಿಯೇ ಇರುವುದರಿಂದ ಅವು ಬದಲಾಗಲಿಲ್ಲ. ಮುಂದೆ ಕೊಟ್ಟಿರುವ ಕಲಮುಗಳು, ಬೇರೆ ಹೆಸರು ಹೇಳದ ಕಡೆಯಲ್ಲೆಲ್ಲ, ನಾಗರಿಕ ಸುರಕ್ಷಾ ಸಂಹಿತೆಯವು.

ದೂರಿನ ಸ್ವೀಕಾರ

ಕಾನೂನು ಅಪರಾಧಗಳನ್ನು ಎರಡಾಗಿ ವಿಂಗಡಿಸುತ್ತದೆ. ಕೊಲೆ, ಕಳವು, ದರೋಡೆ ಮುಂತಾದ ಸಂಜ್ಞೇಯ ಅಪರಾಧಗಳಲ್ಲಿ ಆರಕ್ಷಕರು ನ್ಯಾಯಾಲಯದ ಆಜ್ಞೆಗೆ ಕಾಯದೆ ತನಿಖೆಗೆ ತೊಡಗಬಹುದು, ವಾರಂಟಿಲ್ಲದೆ ಹಿಡಿಯಬಹುದು. ಅಸಂಜ್ಞೇಯ ಅಪರಾಧಗಳಲ್ಲಿ ವರ್ತಮಾನವನ್ನು ಪುಸ್ತಕದಲ್ಲಿ ಬರೆದುಕೊಂಡು ಫಿರ್ಯಾದಿಯನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ಅವರ ಆಜ್ಞೆಯಿಲ್ಲದೆ ತನಿಖೆ ಮಾಡುವಂತಿಲ್ಲ. ಸಾಲ ತೀರಿಸಲಿಲ್ಲ, ಬಾಡಿಗೆ ಕೊಡಲಿಲ್ಲ ಎಂಬಂಥ ಬರಿಯ ದಿವಾಣಿ ವ್ಯಾಜ್ಯಗಳ ತೀರ್ಮಾನವು ಠಾಣೆಯ ಕೆಲಸವೇ ಅಲ್ಲ.

ಸಂಜ್ಞೇಯ ಅಪರಾಧದ ದೂರು ಬಂದಾಗ ಅದನ್ನು ದಾಖಲಿಸುವುದು ಠಾಣಾಧಿಕಾರಿಯ ಇಚ್ಛೆಗೆ ಬಿಟ್ಟದ್ದಲ್ಲ, ಅದು ಅವನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಲಲಿತಾ ಕುಮಾರಿ ಮೊಕದ್ದಮೆಯಲ್ಲಿ 2013ರಲ್ಲಿ ಸ್ಪಷ್ಟಪಡಿಸಿತು. ಇಂದು 173ನೆಯ ಕಲಮಿನಂತೆ ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ವರ್ತಮಾನ ಕೊಡಬಹುದು. ವಿದ್ಯುನ್ಮಾನ ಸಾಧನದ ಮೂಲಕವೂ ಕೊಡಬಹುದು. ಆದರೆ ಮೂರು ದಿನಗಳೊಳಗೆ ಬಂದು ರುಜು ಹಾಕಬೇಕು. ದಾಖಲಾದ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರು ಕೊಟ್ಟವನಿಗೆ ಶುಲ್ಕವಿಲ್ಲದೆ ಕೊಡತಕ್ಕದ್ದು. ಮೂರು ವರ್ಷದಿಂದ ಮೇಲ್ಪಟ್ಟು ಏಳು ವರ್ಷಕ್ಕೆ ಕಡಿಮೆಯಾದ ಶಿಕ್ಷೆಯುಳ್ಳ ಅಪರಾಧಗಳಲ್ಲಿ ಮಾತ್ರ ಉಪಾಧೀಕ್ಷಕರ ಅನುಮತಿ ಪಡೆದು ಹದಿನಾಲ್ಕು ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ಠಾಣೆಯಲ್ಲಿ ದೂರನ್ನು ಸ್ವೀಕರಿಸದಿದ್ದರೆ ಅದರ ಸಾರವನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಅಲ್ಲಿಯೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಕೈಗೊಳ್ಳಬೇಕಾದ ಕಾರ್ಯವನ್ನು ಕೈಗೊಳ್ಳದಿರುವುದೂ ಮೇರೆ ಮೀರಿದಂತೆಯೇ ಎಂಬುದನ್ನು ಇಲ್ಲಿ ಗಮನಿಸಬೇಕು.

ದಸ್ತಗಿರಿ

ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ ದಸ್ತಗಿರಿ ಎಂಬ ಮಾತು ಪಾರಸಿ ಮೂಲದ್ದು. ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿಯುವ ಎಂದು ಅರ್ಥ. ಮೂಲ ಭಾಷೆಯಲ್ಲಿ ಕೈಹಿಡಿದು ಆದರಿಸುವವನಿಗೂ ದಸ್ತಗೀರನೆಂಬ ಹೆಸರುಂಟು. ಒಂದೇ ಕೈ ಹಿಡಿದು ಕಟ್ಟಲೂ ಬಲ್ಲದು, ಹಿಡಿದು ಎತ್ತಲೂ ಬಲ್ಲದು. 43ನೆಯ ಕಲಮಿನಂತೆ ದಸ್ತಗಿರಿಗೆ ಒಳಗಾಗುವವನು ಮಾತಿನಿಂದಲೋ ನಡತೆಯಿಂದಲೋ ಒಪ್ಪಿ ಶರಣಾದರೆ ಅವನ ಮೈ ಮುಟ್ಟುವ ಅಗತ್ಯವೇ ಇಲ್ಲ. ಪ್ರತಿಭಟಿಸಿದರೆ ಅವಶ್ಯವಾದ ಬಲವನ್ನು ಬಳಸಬಹುದು. ಆದರೆ ಮರಣದಂಡನೆಗಾಗಲಿ ಜೀವಾವಧಿ ಶಿಕ್ಷೆಗಾಗಲಿ ಗುರಿಮಾಡುವ ಅಪರಾಧದ ಆರೋಪವಿಲ್ಲದವನನ್ನು ಹಿಡಿಯುವ ನೆಪದಲ್ಲಿ ಅವನ ಪ್ರಾಣ ತೆಗೆಯುವ ಹಕ್ಕು ಈ ಕಲಮಿನಿಂದ ಹುಟ್ಟುವುದಿಲ್ಲ. ತಪ್ಪಿಸಿಕೊಂಡು ಹೋಗದಂತೆ ತಡೆಯಲು ಬೇಕಾದುದಕ್ಕಿಂತ ಹೆಚ್ಚಿನ ನಿರ್ಬಂಧ ಕೂಡದೆಂದು 46ನೆಯ ಕಲಮು ವಿಧಿಸುತ್ತದೆ.

ಹಿಡಿಯುವ ಅಧಿಕಾರವಿದೆ ಎಂಬ ಮಾತ್ರಕ್ಕೆ ಹಿಡಿಯಲೇಬೇಕೆಂದಲ್ಲ. ಅಧಿಕಾರವಿರುವುದು ಒಂದು, ಅದನ್ನು ಚಲಾಯಿಸಲು ಸಕಾರಣವಿರುವುದು ಇನ್ನೊಂದು ಎಂಬ ವಿವೇಕವನ್ನು ಸರ್ವೋಚ್ಚ ನ್ಯಾಯಾಲಯವು ಜೋಗಿಂದರ್ ಕುಮಾರ್ ಮೊಕದ್ದಮೆಯಲ್ಲಿ 1994ರಲ್ಲಿ ಬೋಧಿಸಿತು. ಏಳು ವರ್ಷದವರೆಗಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ದಸ್ತಗಿರಿ ಏಕೆ ಅಗತ್ಯವೆಂಬ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಅಗತ್ಯವಿಲ್ಲವಾದರೆ ಹಾಜರಾಗುವಂತೆ ನೋಟೀಸು ಕೊಡಬೇಕು. ನೋಟೀಸಿನಂತೆ ನಡೆದುಕೊಳ್ಳುವವನನ್ನು, ಕಾರಣವನ್ನು ಬರೆದಿಡದೆ ಹಿಡಿಯುವಂತಿಲ್ಲ. ಈ ನಿಯಮವನ್ನು 2014ರ ಅರ್ನೇಶ್ ಕುಮಾರ್ ತೀರ್ಪು ಬಿಗಿಗೊಳಿಸಿತು. ಇಂದು ಅದು 35ನೆಯ ಕಲಮಿನಲ್ಲಿದೆ. ಇಂಥ ನೋಟೀಸನ್ನು ವಾಟ್ಸಾಪಿನ ಮೂಲಕ ಕಳುಹಿಸಿದರೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಹೇಳಿತು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯುಳ್ಳ ಅಪರಾಧಗಳಲ್ಲಿ ಅಶಕ್ತರನ್ನೂ ಅರುವತ್ತು ವರ್ಷ ಮೀರಿದವರನ್ನೂ ಉಪಾಧೀಕ್ಷಕರ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ದಸ್ತಗಿರಿ ಮಾಡಲಾಗದು.

ಸ್ತ್ರೀಯರ ವಿಷಯದಲ್ಲಿ ಕಾನೂನು ವಿಶೇಷ ಎಚ್ಚರ ವಹಿಸಿದೆ. ಸಾಮಾನ್ಯವಾಗಿ ಪುರುಷ ಅಧಿಕಾರಿ ಸ್ತ್ರೀಯ ಮೈಮುಟ್ಟಿ ದಸ್ತಗಿರಿ ಮಾಡಕೂಡದು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸ್ತ್ರೀಯನ್ನು ಹಿಡಿಯಕೂಡದು. ಅಸಾಧಾರಣ ಸಂದರ್ಭ ಒದಗಿದರೆ ಮಹಿಳಾ ಅಧಿಕಾರಿ ಲಿಖಿತ ವರದಿಯೊಡನೆ ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯನ್ನು ಪಡೆಯಬೇಕು. ಸ್ತ್ರೀಯ ಅಂಗಶೋಧನೆಯನ್ನು ಸ್ತ್ರೀಯೇ ಮರ್ಯಾದೆ ತಪ್ಪದಂತೆ ಮಾಡಬೇಕು.

ಕೈಕೋಳದ ವಿಷಯವೂ ಹೀಗೆಯೇ. ಅದು ಅಲಂಕಾರವೂ ಅಲ್ಲ, ಅವಮಾನದ ಸಾಧನವೂ ಅಲ್ಲ. ರೂಢಿಯ ಬಲದಿಂದ ಎಲ್ಲರಿಗೂ ಕೋಳ ತೊಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಪ್ರೇಮಶಂಕರ ಶುಕ್ಲ ಮೊಕದ್ದಮೆಯಲ್ಲಿ 1980ರಲ್ಲಿಯೇ ನಿರ್ಣಯವಾಯಿತು. ಹೊಸ ಸಂಹಿತೆಯು ಪದೇ ಪದೇ ಅಪರಾಧ ಮಾಡಿದವರು, ಬಂಧನದಿಂದ ತಪ್ಪಿಸಿಕೊಂಡವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಘೋರ ಅಪರಾಧಗಳ ಆಪಾದಿತರು ಎಂದು ಒಂದು ಪಟ್ಟಿಯನ್ನು ಕೊಟ್ಟು, ಅಪರಾಧದ ಸ್ವರೂಪವನ್ನು ನೋಡಿ ಕೋಳವನ್ನು ಬಳಸಬಹುದೆಂದು ಹೇಳುತ್ತದೆ. 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಸಕಾರಣವಿಲ್ಲದೆ ಕೋಳ ತೊಡಿಸಿ ಬೀದಿಯಲ್ಲಿ ನಡೆಸಿಕೊಂಡು ಹೋಗಲ್ಪಟ್ಟ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಎರಡು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆಜ್ಞೆ ಮಾಡಿತು. ಕಬ್ಬಿಣದ ಗುರುತು ಮಣಿಕಟ್ಟಿನಿಂದ ಅಳಿಯಬಹುದು. ಊರವರ ಕಣ್ಣಿನಿಂದ ಅಳಿಯುವುದು ಕಷ್ಟ.

ಇಪ್ಪತ್ತನಾಲ್ಕು ಗಂಟೆಗಳು

ಹಿಡಿದ ಮೇಲೆ ಏನು? ಸಂವಿಧಾನದ 22ನೆಯ ಅನುಚ್ಛೇದವು ಮೂರು ಮಾತುಗಳನ್ನು ಹೇಳುತ್ತದೆ. ಏಕೆ ಹಿಡಿದರೆಂಬುದನ್ನು ಹಿಡಿಯಲ್ಪಟ್ಟವನಿಗೆ ಬೇಗನೆ ತಿಳಿಸಬೇಕು. ಅವನು ತನಗೆ ಬೇಕಾದ ವಕೀಲನೊಡನೆ ಸಮಾಲೋಚಿಸುವುದಕ್ಕೆ ಅಡ್ಡಿ ಮಾಡಬಾರದು. ಪ್ರಯಾಣದ ಅವಧಿಯನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಗಳೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಭಾನುವಾರವೆಂದು, ಹಬ್ಬವೆಂದು ಈ ಗಡುವು ಮುಂದೆ ಹೋಗುವುದಿಲ್ಲ. ಮುನ್ನೆಚ್ಚರಿಕೆಯ ಬಂಧನದ ಕಾನೂನುಗಳಿಗೆ ಒಳಪಟ್ಟವರಿಗೆ ಮಾತ್ರ ಅದೇ ಅನುಚ್ಛೇದವು ಬೇರೆ ಕ್ರಮವನ್ನು ಹೇಳಿದೆ. ಬೆಸ್ತನ ಕಥೆಯಲ್ಲಿ ಅರಸನ ಬಾಗಿಲಿಗೆ ವಿಷಯ ಮುಟ್ಟಿದ್ದು ಅವನ ಪುಣ್ಯವಿಶೇಷ. ಇಂದಿನ ಪ್ರಜೆಗೆ ಅದು ಪುಣ್ಯವಲ್ಲ, ಹಕ್ಕು.

ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷರಾಗಿದ್ದ ಡಿ.ಕೆ. ಬಸು ಅವರು ಠಾಣೆಗಳಲ್ಲಿ ಸಂಭವಿಸುತ್ತಿದ್ದ ಸಾವುಗಳನ್ನು ಕುರಿತು 1986ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಎಣಿಸಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಹನ್ನೊಂದು ವಿಧಿಗಳನ್ನು ಹೊರಡಿಸಿತು. ಅವುಗಳಲ್ಲಿ ಬಹುಭಾಗ ಇಂದು ಸಂಹಿತೆಯ ಅಂಗವೇ ಆಗಿದೆ. ದಸ್ತಗಿರಿ ಮಾಡುವ ಅಧಿಕಾರಿ ತನ್ನ ಹೆಸರು ಸ್ಪಷ್ಟವಾಗಿ ಕಾಣುವ ಗುರುತನ್ನು ಧರಿಸಿರಬೇಕು. ದಸ್ತಗಿರಿಯ ಜ್ಞಾಪನವನ್ನು ಬರೆದು, ಅದಕ್ಕೆ ಮನೆಯವರೊಬ್ಬರ ಅಥವಾ ಆ ಸ್ಥಳದ ಗೌರವಸ್ಥರೊಬ್ಬರ ಸಾಕ್ಷಿ ರುಜುವನ್ನೂ ಹಿಡಿಯಲ್ಪಟ್ಟವನ ರುಜುವನ್ನೂ ಪಡೆಯಬೇಕು. ಬಂಧುವಿಗೋ ಮಿತ್ರನಿಗೋ ಸುದ್ದಿ ಮುಟ್ಟಿಸಬೇಕು. ವೈದ್ಯಾಧಿಕಾರಿಯಿಂದ ದೇಹಪರೀಕ್ಷೆ ಮಾಡಿಸಬೇಕು. ದಸ್ತಗಿರಿಯ ಕಾರಣವನ್ನು ತಿಳಿಸದಿದ್ದರೆ ದಸ್ತಗಿರಿಯೇ ಅಕ್ರಮವಾಗುವುದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ಪುನಃ ಹೇಳಿತು.

ಜಾಮೀನಿಗೆ ಅರ್ಹವಾದ ಅಪರಾಧವಾದರೆ ಠಾಣೆಯಲ್ಲಿಯೇ ಜಾಮೀನು ಪಡೆಯುವ ಹಕ್ಕು ಆಪಾದಿತನಿಗಿದೆ. ಉಳಿದವುಗಳಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಬಳಿಕ ಒಂದು ಗಳಿಗೆಯೂ ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ಇಟ್ಟುಕೊಳ್ಳಲಾಗದು. ಅವರೂ ಆರಕ್ಷಕರ ವಶಕ್ಕೆ ಒಟ್ಟು ಹದಿನೈದು ದಿನಗಳಿಗಿಂತ ಹೆಚ್ಚು ಕಾಲ ಒಪ್ಪಿಸಲಾರರು. ಹೊಸ ಸಂಹಿತೆಯಲ್ಲಿ ಈ ಹದಿನೈದು ದಿನಗಳನ್ನು ಬಿಡಿಬಿಡಿಯಾಗಿಯೂ ಕೊಡಲು ಆಸ್ಪದವಿದೆ. ತನಿಖೆಯು ಅಪರಾಧದ ಗುರುತ್ವಕ್ಕೆ ಅನುಸಾರವಾಗಿ ಅರುವತ್ತು ಅಥವಾ ತೊಂಬತ್ತು ದಿನಗಳಲ್ಲಿ ಮುಗಿಯದಿದ್ದರೆ, ಜಾಮೀನು ಒದಗಿಸಲು ಸಿದ್ಧನಿರುವ ಆಪಾದಿತನನ್ನು ಬಿಡಲೇಬೇಕು.

ಪ್ರಶ್ನೆ, ಹೇಳಿಕೆ, ತಪ್ಪೊಪ್ಪಿಗೆ

ತನಿಖಾಧಿಕಾರಿಯು ಸಂಗತಿಯನ್ನು ಬಲ್ಲವರನ್ನು ಕರೆಯಿಸಿ ಪ್ರಶ್ನಿಸಬಹುದು. ಕರೆಯು ಬರಹದಲ್ಲಿರಬೇಕು. ಹದಿನೈದು ವರ್ಷದೊಳಗಿನ ಹುಡುಗರನ್ನು, ಅರುವತ್ತು ಮೀರಿದವರನ್ನು, ಸ್ತ್ರೀಯರನ್ನು, ಅಂಗವಿಕಲರನ್ನು ಮತ್ತು ತೀವ್ರ ರೋಗಪೀಡಿತರನ್ನು ಅವರ ವಾಸಸ್ಥಳದಲ್ಲಿಯೇ ಪ್ರಶ್ನಿಸಬೇಕೆಂದು 179ನೆಯ ಕಲಮು ಹೇಳುತ್ತದೆ. ಅವರೇ ಇಚ್ಛಿಸಿದರೆ ಮಾತ್ರ ಠಾಣೆಗೆ ಬರಬಹುದು. ಕೇಳಿದ ಪ್ರಶ್ನೆಗೆ ಸತ್ಯವಾದ ಉತ್ತರ ಕೊಡುವುದು ಕರ್ತವ್ಯ. ಆದರೆ ತನ್ನನ್ನೇ ಅಪರಾಧಿಯನ್ನಾಗಿಸುವ ಉತ್ತರವನ್ನು ಕೊಡಲು ಯಾರೂ ಬದ್ಧರಲ್ಲ. ಇದು ಸಂವಿಧಾನದ 20ನೆಯ ಅನುಚ್ಛೇದದ ಅಭಯ. ಈ ಅಭಯದ ಬಲದಿಂದಲೇ, ಕರ್ನಾಟಕ ರಾಜ್ಯವು ಪಕ್ಷವಾಗಿದ್ದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮೊದಲಾದವುಗಳನ್ನು ಯಾರ ಮೇಲೂ ನಡೆಸಕೂಡದೆಂದು ವಿಧಿಸಿತು.

ತಪ್ಪೊಪ್ಪಿಗೆಯ ನಿಯಮವಂತೂ ಇಡೀ ವ್ಯವಸ್ಥೆಯ ಬೆನ್ನೆಲುಬು. ಆರಕ್ಷಕನೆದುರು ಒಪ್ಪಿಕೊಂಡದ್ದು ಸಾಕ್ಷ್ಯವಾಗದು. ಆರಕ್ಷಕರ ವಶದಲ್ಲಿರುವಾಗ ಇತರರೆದುರು ಒಪ್ಪಿಕೊಂಡದ್ದೂ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಆಗಿದ್ದ ಹೊರತು ಸಾಕ್ಷ್ಯವಾಗದು. ಅವನ ಮಾತಿನಿಂದ ಕದ್ದ ಮಾಲೋ ಆಯುಧವೋ ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಇಲ್ಲಿಯ ತತ್ತ್ವ ಸರಳ. ಹೊಡೆದರೆ ಯಾರೂ ಏನನ್ನಾದರೂ ಒಪ್ಪಿಕೊಂಡಾರು. ಒಪ್ಪಿಸಿದವನಿಗೆ ಕೆಲಸ ಮುಗಿಯಿತೆಂಬ ಸಮಾಧಾನ ಸಿಕ್ಕೀತು. ನಿಜವಾದ ಕಳ್ಳನು ಅಷ್ಟರಲ್ಲಿ ಇನ್ನೊಂದು ಮನೆಗೆ ಕನ್ನ ಹಾಕಿರುತ್ತಾನೆ. ಆದ್ದರಿಂದ ಈ ಮೇರೆಯು ಆಪಾದಿತನಿಗೆ ಮಾತ್ರ ರಕ್ಷೆಯಲ್ಲ, ಕಳವಾದ ಮನೆಯವನಿಗೂ ರಕ್ಷೆ.

ಶೋಧನೆ ಮತ್ತು ಮಹಜರು

ಮನೆಯನ್ನು ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟು ಬೇಕು. ವಿಳಂಬವಾದರೆ ವಸ್ತು ಕೈತಪ್ಪುವುದೆಂದು ನಂಬಲು ಕಾರಣವಿದ್ದರೆ, ಆ ಕಾರಣವನ್ನೂ ಹುಡುಕುವ ವಸ್ತುವನ್ನೂ ಮೊದಲು ಬರೆದಿಟ್ಟು ತನಿಖಾಧಿಕಾರಿಯೇ ಶೋಧಿಸಬಹುದು. ಶೋಧನೆಯನ್ನು ಆ ಸ್ಥಳದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರರೂ ಗೌರವಸ್ಥರೂ ಆದ ನಿವಾಸಿಗಳ ಸಮಕ್ಷಮದಲ್ಲಿ ನಡೆಸಿ, ಸಿಕ್ಕ ವಸ್ತುಗಳ ಪಟ್ಟಿ ಮಾಡಿ, ಅವರ ರುಜು ಪಡೆಯಬೇಕು. ಮನೆಯಾತನಿಗೆ ಎದುರಿಗಿದ್ದು ನೋಡುವ ಹಕ್ಕೂ ಪಟ್ಟಿಯ ಪ್ರತಿಯನ್ನು ಪಡೆಯುವ ಹಕ್ಕೂ ಇವೆ. 105ನೆಯ ಕಲಮಿನಿಂದ ಈಗ ಶೋಧನೆ ಮತ್ತು ಜಪ್ತಿಗಳನ್ನು ಧ್ವನಿ ಸಹಿತ ಚಿತ್ರೀಕರಿಸುವುದು ಕಡ್ಡಾಯವಾಗಿದೆ.

ಮಹಜರು, ಪಂಚನಾಮೆ ಎಂದು ನಾವು ಕರೆಯುವ ಕಾಗದದ ಬೆಲೆ ಪಂಚರ ಪ್ರಾಮಾಣಿಕತೆಯಷ್ಟೇ. ಸ್ಥಳಕ್ಕೆ ಹೋಗದೆ, ಕಣ್ಣಾರೆ ಕಾಣದೆ, ಓದಿ ನೋಡದೆ, ಪರಿಚಯದ ದಾಕ್ಷಿಣ್ಯಕ್ಕೆ ಖಾಲಿ ಹಾಳೆಯ ಮೇಲೆ ರುಜು ಹಾಕುವ ಗೃಹಸ್ಥನು ತಾನು ಆರಕ್ಷಕರಿಗೆ ಉಪಕಾರ ಮಾಡಿದೆನೆಂದು ಭಾವಿಸುತ್ತಾನೆ. ಆ ರುಜುವಿನಿಂದ ನಿರಪರಾಧಿ ಸೆರೆಮನೆಗೆ ಹೋಗಬಹುದು. ಅಥವಾ ಪಾಟೀಸವಾಲಿನಲ್ಲಿ ತಾನು ಏನನ್ನೂ ಕಾಣಲಿಲ್ಲವೆಂದು ಅವನೇ ಒಪ್ಪಿಕೊಂಡು, ನಿಜವಾದ ಅಪರಾಧಿ ಬಿಡುಗಡೆ ಹೊಂದಬಹುದು. ಎರಡೂ ಅನರ್ಥವೇ.

ರುಜುವಿನ ವಿಷಯದಲ್ಲಿ ಮೂರು ಭೇದಗಳನ್ನು ನೆನಪಿಡುವುದು ಒಳ್ಳೆಯದು. ಫಿರ್ಯಾದಿಯು ತನ್ನ ದೂರನ್ನು ಓದಿಸಿ ಕೇಳಿ ರುಜು ಹಾಕಬೇಕು. ಪಂಚನು ತಾನು ಕಂಡದ್ದನ್ನಷ್ಟೇ ಬರೆದಿರುವ ಮಹಜರಿಗೆ ರುಜು ಹಾಕಬೇಕು. ಆದರೆ ತನಿಖೆಯ ಕಾಲದಲ್ಲಿ ಸಾಕ್ಷಿಯು ಆರಕ್ಷಕರಿಗೆ ಕೊಟ್ಟ ಹೇಳಿಕೆಗೆ ರುಜು ಹಾಕತಕ್ಕದ್ದಲ್ಲ. 181ನೆಯ ಕಲಮು ಹಾಗೆಂದು ವಿಧಿಸಿದೆ. ಸಾಕ್ಷಿಯು ನ್ಯಾಯಾಲಯದಲ್ಲಿ ಸ್ವತಂತ್ರವಾಗಿ ನುಡಿಯಬೇಕೆಂಬುದೇ ಇದರ ಆಶಯ.

ಮಕ್ಕಳ ವಿಷಯ

ವಿದ್ಯಾಸಂಸ್ಥೆಗಳಿಗೆ ಸೇರಿದವರು ವಿಶೇಷವಾಗಿ ಅರಿಯಬೇಕಾದುದು 2015ರ ಬಾಲನ್ಯಾಯ ಅಧಿನಿಯಮ. ಹದಿನೆಂಟು ವರ್ಷ ತುಂಬದ ಮಗುವಿನ ಮೇಲೆ ಎಂಥ ಆರೋಪವಿದ್ದರೂ ಅದನ್ನು ಠಾಣೆಯ ಲಾಕಪ್ಪಿನಲ್ಲಾಗಲಿ ಕಾರಾಗೃಹದಲ್ಲಾಗಲಿ ಇರಿಸಲಾಗದು. ಮಗುವನ್ನು ಕೂಡಲೇ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಅಥವಾ ವಿಶೇಷ ಘಟಕದ ವಶಕ್ಕೆ ಕೊಟ್ಟು ಇಪ್ಪತ್ತನಾಲ್ಕು ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ತಂದೆತಾಯಿಗಳಿಗೆ ತಿಳಿಸಬೇಕು. ಮಗುವಿಗೆ ಕೋಳ ತೊಡಿಸಕೂಡದು. ವಯಸ್ಸಿನ ನಿರ್ಣಯದಲ್ಲಿ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರಕ್ಕೆ ಮೊದಲ ಸಾಲಿನ ಮನ್ನಣೆಯಿದೆ. ದಾಖಲಾತಿ ಪುಸ್ತಕದಲ್ಲಿ ಗುಮಾಸ್ತನು ಅಜಾಗ್ರತೆಯಿಂದ ಬರೆದ ಒಂದು ಅಂಕಿ ಮಗುವೊಂದನ್ನು ವಯಸ್ಕರ ನ್ಯಾಯಾಲಯಕ್ಕೆ ನೂಕಬಲ್ಲದೆಂಬುದನ್ನು ಶಾಲೆಗಳು ಮರೆಯಬಾರದು.

ಮೇರೆ ಮೀರಿದಾಗ

ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನೆಂದು ನಾಣ್ನುಡಿ ಕೇಳುತ್ತದೆ. ಕಾನೂನು ಅದಕ್ಕೆ ಉತ್ತರವನ್ನು ಕೊಟ್ಟಿದೆ. ತಪ್ಪೊಪ್ಪಿಗೆಗಾಗಿ ನೋಯಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 120ನೆಯ ಕಲಮಿನಂತೆ ಏಳು ವರ್ಷದವರೆಗೆ, ತೀವ್ರ ಗಾಯ ಮಾಡಿದವರಿಗೆ ಹತ್ತು ವರ್ಷದವರೆಗೆ ಸೆರೆವಾಸ ಉಂಟು. ಆರಕ್ಷಕರ ವಶದಲ್ಲಿ ಸಾವು ಸಂಭವಿಸಿದರೆ ಮ್ಯಾಜಿಸ್ಟ್ರೇಟರಿಂದ ವಿಚಾರಣೆ ನಡೆಯಬೇಕು. ಮಗನನ್ನು ಕಳೆದುಕೊಂಡ ಒರಿಸ್ಸಾದ ತಾಯಿಯೊಬ್ಬಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಸರಕಾರವೇ ಪರಿಹಾರ ಕೊಡಬೇಕೆಂದು ನಿರ್ಣಯಿಸಿತು. 2006ರ ಪ್ರಕಾಶ್ ಸಿಂಗ್ ತೀರ್ಪು ರಾಜ್ಯ ಮತ್ತು ಜಿಲ್ಲಾ ಮಟ್ಟಗಳಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲು ನಿರ್ದೇಶಿಸಿತು. 2020ರ ತೀರ್ಪೊಂದು ಪ್ರತಿ ಠಾಣೆಯಲ್ಲಿಯೂ ಲಾಕಪ್ಪು ಸಹಿತವಾಗಿ ಸಿ.ಸಿ. ಕ್ಯಾಮೆರಾಗಳನ್ನು ಅಳವಡಿಸಲು ಆಜ್ಞಾಪಿಸಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅ��ಿನಿಯಮದಂತೆ, ಬಂಧನದಲ್ಲಿರುವ ಯಾವನೇ ಆಗಲಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವನ್ನು ಪಡೆಯಬಹುದು.

ಪ್ರಜೆಯ ಪಾಲು

ಮೇರೆಗಳನ್ನು ಹೇಳುವಾಗ ಕರ್ತವ್ಯಗಳನ್ನು ಮರೆಯುವುದು ನ್ಯಾಯವಲ್ಲ. ಅಪರಾಧವನ್ನು ತಡೆಯಲು, ಓಡಿಹೋಗುವವನನ್ನು ಹಿಡಿಯಲು ಆರಕ್ಷಕರು ಕೇಳಿದ ಯುಕ್ತವಾದ ನೆರವನ್ನು ನೀಡಲು ಪ್ರಜೆ ಬದ್ಧನಾಗಿದ್ದಾನೆ. ಅವರ ಕಾನೂನುಬದ್ಧವಾದ ನಿರ್ದೇಶವನ್ನು ಪಾಲಿಸಬೇಕೆಂದು 172ನೆಯ ಕಲಮು ಹೇಳುತ್ತದೆ. ಕಣ್ಣೆದುರು ಜಾಮೀನಿಲ್ಲದ ಸಂಜ್ಞೇಯ ಅಪರಾಧ ಮಾಡಿದವನನ್ನು ಪ್ರಜೆಯೇ ಹಿಡಿಯಬಹುದು. ಆದರೆ ಆರು ಗಂಟೆಗಳೊಳಗೆ ಆರಕ್ಷಕರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಥಳಿಸುವ ಅಧಿಕಾರ ಆರಕ್ಷಕನಿಗೂ ಇಲ್ಲ, ಊರವರಿಗೂ ಇಲ್ಲ. ಹಬ್ಬದ ಇರುಳಿನಲ್ಲಿ, ಮಳೆಗಾಲದ ನಡುಬೀದಿಯಲ್ಲಿ, ಮನೆಮಂದಿಯನ್ನು ಬಿಟ್ಟು ಕಾವಲು ನಿಲ್ಲುವ ಪೇದೆಯ ಶ್ರಮವನ್ನು ಜನತೆ ಗೌರವಿಸಬೇಕು. ಅವನು ಮೇರೆಯೊಳಗೆ ನಿಂತಾಗ ಅವನ ಹಿಂದೆ ಇಡೀ ಕಾನೂನು ನಿಂತಿರುತ್ತದೆ. ಮೇರೆಯ ಹೊರಗೆ ಕಾಲಿಟ್ಟೊಡನೆ ಅವನು ಖಾಕಿ ತೊಟ್ಟ ಒಬ್ಬ ಮನುಷ್ಯ ಮಾತ್ರ.

ಶಾಲೆಯ ಒಂದೇ ಬೆಂಚಿನ ಮೇಲೆ ಕುಳಿತು ಕಲಿತ ಬಾಲಕರಲ್ಲಿ ಮುಂದೆ ಒಬ್ಬನು ಪೇದೆಯೋ ಉಪನಿರೀಕ್ಷಕನೋ ಆಗುತ್ತಾನೆ, ಒಬ್ಬನು ವಕೀಲನಾಗುತ್ತಾನೆ, ಒಬ್ಬನು ದುರದೃಷ್ಟದಿಂದ ಆಪಾದಿತನಾಗಿ ನಿಲ್ಲುತ್ತಾನೆ, ಇನ್ನೊಬ್ಬನು ಪಂಚನಾಗಿ ರುಜು ಹಾಕುತ್ತಾನೆ. ನಾಲ್ವರಿಗೂ ಪಾಠ ಒಂದೇ ಆಗಿರಬೇಕು. ಇದನ್ನು ಕಲಿಸಲು ಪ್ರತ್ಯೇಕ ಪಠ್ಯಪುಸ್ತಕ ಬೇಕಿಲ್ಲ. ತರಗತಿಯಲ್ಲಿ ಪೆನ್ನು ಕಳೆದಾಗ ಬಡ ಹುಡುಗನ ಚೀಲವನ್ನೇ ಮೊದಲು ಜಾಲಿಸದ ಉಪಾಧ್ಯಾಯನು, ಕೇಳದೆ ಹೊಡೆಯದ ಉಪಾಧ್ಯಾಯನು, ಈ ಪಾಠವನ್ನು ದಿನವೂ ಕಲಿಸುತ್ತಿರುತ್ತಾನೆ.

ಕಾಳಿದಾಸನ ಬೆಸ್ತನ ಕಡೆಗೆ ನಿಂತು, ಹೊಡೆಯಬೇಡಿ, ಮೊದಲು ವಿಚಾರಿಸಿ ಎಂದು ಹೇಳುವ ಒಬ್ಬ ಗೃಹಸ್ಥನೂ ಆ ದಾರಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಇಂದಿನ ಕಾನೂನು ಆ ಗೃಹಸ್ಥನಿಗೊಂದು ಸ್ಥಾನವನ್ನು ಕಲ್ಪಿಸಿದೆ. ಸ್ಥಳದ ಗೌರವಸ್ಥನೆಂದು ಅವನನ್ನು ಹೆಸರಿಸಿ, ದಸ್ತಗಿರಿಯ ಜ್ಞಾಪನಕ್ಕೂ ಮಹಜರಿಗೂ ಅವನ ಕೈಬರಹವನ್ನು ಬೇಡುತ್ತದೆ. ಆರಕ್ಷಕರ ಅಧಿಕಾರದ ಮೇರೆಯನ್ನು ನ್ಯಾಯಾಲಯಗಳು ಗ್ರಂಥಗಳಲ್ಲಿ ಗೆರೆ ಎಳೆದು ತೋರಿಸಿವೆ. ಊರಿನಲ್ಲಿ ಆ ಗೆರೆ ಉಳಿಯುವುದು, ಓದಿ ನೋಡಿ ರುಜು ಹಾಕುವವರು ಇರುವವರೆಗೆ.